ಆಲಪ್ಪುಳದಲ್ಲಿ ನಾನು ಕಾಣದ ಗೇಟು

ಪದವಿಯ ಕೊನೆಯ ವರ್ಷ ನಮ್ಮ ತರಗತಿಯವರು ಆಲಪ್ಪುಳಕ್ಕೆ ಅಧ್ಯಯನ ಪ್ರವಾಸ ಹೋದೆವು. ಕೇರಳದ ಕರಾವಳಿಯಲ್ಲಿರುವ ಹಳೆಯ ಊರು ಅದು. ಊರೊಳಗೇ ಕಾಲುವೆಗಳಿವೆ. ಒಂದು ಕಾಲಕ್ಕೆ ವ್ಯಾಪಾರವೆಲ್ಲ ಅವುಗಳ ಮೇಲೆ ದೋಣಿಗಳಲ್ಲಿ ನಡೆಯುತ್ತಿತ್ತು. ಮೂರು ದಿನ ಅಲ್ಲಿರುವ ಏರ್ಪಾಡಾಗಿತ್ತು. ಇದ್ದದ್ದು ಒಂದು ಮಧ್ಯಾಹ್ನ, ಅದೂ ಮಳೆಯಲ್ಲಿ. ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದೆಲ್ಲ ಅದರಿಂದಲೇ ನಡೆಯಿತು.

ನಾನು ಓದಿದ್ದು ಮೂಡಲಗಿ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ. ಕೊಣ್ಣೂರಿನಿಂದ ಹೊರಟು ಗೋಕಾಕದಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಪತ್ರಿಕೋದ್ಯಮ ನನ್ನ ಒಂದು ವಿಷಯ. ಆ ವಿಭಾಗಕ್ಕೆ ಇದ್ದದ್ದು ಒಂದೇ ಕೋಣೆ, ಒಬ್ಬರೇ ಉಪನ್ಯಾಸಕರು. ನಾವು ಅವರನ್ನು ಸರ್ ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಕರೆಯುತ್ತೇನೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯವರು. ವರ್ಷಗಳಿಂದ ಅತಿಥಿ ಉಪನ್ಯಾಸಕರಾಗಿಯೇ ಇದ್ದರು. ಪ್ರತಿ ಜೂನ್‌ನಲ್ಲಿ ಅವರು ಮತ್ತೆ ಬರುತ್ತಾರೋ ಇಲ್ಲವೋ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಬರುತ್ತಿದ್ದರು.

ಸರ್ ಕಲಿಸುವ ರೀತಿ ಹೀಗಿತ್ತು. ನಾವು ಬರೆದ ವರದಿಯ ಪ್ರತಿ ವಾಕ್ಯದ ಪಕ್ಕದಲ್ಲಿ, ಹಾಳೆಯ ಅಂಚಿನಲ್ಲಿ, ಪೆನ್ಸಿಲ್ಲಿನಿಂದ ಒಂದು ಗುರುತು ಹಾಕಬೇಕು. ಕಣ್ಣಿನಿಂದ ಕಂಡದ್ದಾದರೆ ಒಂದು ಅಡ್ಡಗೆರೆ. ಇನ್ನೊಬ್ಬರಿಂದ ಕೇಳಿದ್ದಾದರೆ ಒಂದು ಸೊನ್ನೆ, ಮತ್ತು ಯಾರಿಂದ ಕೇಳಿದ್ದು ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಗೆರೆಯೂ ಇಲ್ಲದ, ಸೊನ್ನೆಯೂ ಇಲ್ಲದ ವಾಕ್ಯವನ್ನು ಅವರು ಅಲ್ಲಿಯೇ ಹೊಡೆದುಹಾಕುತ್ತಿದ್ದರು. ಘೋಡಗೇರಿಯ ನನ್ನ ಸಹಪಾಠಿ ಒಬ್ಬ ವಾರದ ಸಂತೆಯ ಬಗ್ಗೆ ಬರೆಯುತ್ತ 'ಜನಸಾಗರವೇ ನೆರೆದಿತ್ತು' ಎಂದು ಬರೆದು ಸೊನ್ನೆ ಹಾಕಿದ್ದ. ಯಾರ ಕಡೆಯಿಂದ ಕೇಳಿದೆ ಎಂದು ಸರ್ ವಿಚಾರಿಸಿದರು. 'ಎಲ್ಲಾ ಪೇಪರಿನವರೂ ಹಂಗ ಅಂತಾರ್ರಿ' ಎಂದ. ತರಗತಿಯೆಲ್ಲ ನಕ್ಕಿತು, ಸರ್ ಕೂಡ ನಕ್ಕರು, ನಗುತ್ತಲೇ ವಾಕ್ಯವನ್ನು ಹೊಡೆದುಹಾಕಿದರು.

ನನಗೆ ಆ ಗೆರೆ, ಸೊನ್ನೆಗಳು ಬೇಗ ಕೈಗೆ ಹತ್ತಿದವು. ನನ್ನ ವರದಿಗಳನ್ನು ಸರ್ ಉಳಿದವರಿಗೆ ಓದಿ ಹೇಳುತ್ತಿದ್ದರು.

ಪ್ರವಾಸಕ್ಕೆ ಮೊದಲು ನಾನು ಗೋಕಾಕದ ಒಂದು ದಿನಪತ್ರಿಕೆಯ ಕಚೇರಿಗೆ ಹೋಗಿ ಕೆಲಸ ಕೇಳಿದ್ದೆ. ಮನೆಯಲ್ಲಿ ಆಗ ಡಿಗ್ರಿ ಮುಗಿದೊಡನೆ ನನ್ನನ್ನು ಬಿ.ಎಡ್.ಗೆ ಹಾಕುವ ಮಾತು ನಡೆದಿತ್ತು. ಕಾಕಾ ಸೀಟನ್ನೂ ವಿಚಾರಿಸಿ ಬಂದಿದ್ದರು. ಪತ್ರಿಕೆಯವರು ತೆಗೆದುಕೊಂಡರೆ ಆ ಮಾತು ನಿಲ್ಲುತ್ತದೆ, ಇಲ್ಲದಿದ್ದರೆ ಬಿ.ಎಡ್. ಎಂದು ಅಪ್ಪ ನನ್ನೊಡನೆ ಒಪ್ಪಂದ ಮಾಡಿಕೊಂಡಿದ್ದರು. ಸಂಪಾದಕರು ವಯಸ್ಸಾದವರು, ಮೊಣಕೈ ಮಟ್ಟ ತೋಳು ಮಡಚಿದ ಬಿಳಿ ಅಂಗಿ. ನನ್ನ ಅಂಕಪಟ್ಟಿಯನ್ನು ನೋಡಲಿಲ್ಲ.

'ನೀ ಹೋಗಿ, ನೀ ನೋಡಿ, ನೀನ ಬರದದ್ದ ಒಂದ ವರದಿ ತಗೊಂಡ ಬಾ. ಅದರಾಗ ಒಂದ ಸುಳ್ಳ ಸಿಕ್ತಂದ್ರ ಮತ್ತ ಈ ಮೆಟ್ಟಲಾ ಹತ್ತಬ್ಯಾಡವಾ' ಎಂದರು.

ಆಲಪ್ಪುಳದ ವರದಿಯನ್ನೇ ಕೊಡಬೇಕೆಂದು ನಾನು ನಿರ್ಧರಿಸಿದೆ. ಸರ್‌ಗೂ ಹೇಳಿದೆ. ಅವರಿಗೆ ಖುಷಿಯಾಯಿತು. ಆ ಸಂಪಾದಕರು ತಮಗೆ ಪರಿಚಯ, ಬಿಗಿ ಮನುಷ್ಯ, ಆದರೆ ನಿನಗೆ ಅಲ್ಲಿ ಜಾಗ ಸಿಕ್ಕೇ ಸಿಗುತ್ತದೆ ಎಂದರು.

ಹೊರಟದ್ದು ಮಳೆಗಾಲದಲ್ಲಿ. ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತುವಾಗ ಪ್ರತಿಯೊಬ್ಬರ ಕೈಯಲ್ಲೂ ಬುತ್ತಿಯ ಗಂಟು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಗೋವಾ ದಾಟಿದ ಮೇಲೆ ಮುಂದೆ ಎಲ್ಲೋ ಹಳಿಯ ಮೇಲೆ ಗುಡ್ಡದ ಮಣ್ಣು ಕುಸಿದಿದೆ ಎಂದರು. ರೈಲು ನಿಂತಿತು. ಸಣ್ಣದೊಂದು ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಾವು ಒಂದು ಹಗಲು, ಒಂದು ರಾತ್ರಿ ಕಳೆದೆವು. ಮತ್ತೆ ಹೊರಟ ರೈಲು ಮತ್ತೆ ನಿಂತಿತು. ಎರಡು ದಿನ ಹೀಗೇ ಹೋದವು. ವಾಪಸಿನ ಟಿಕೆಟ್ಟುಗಳನ್ನು ಮೊದಲೇ ತೆಗೆಸಿಯಾಗಿತ್ತು, ಬದಲಿಸಲು ಆಗಲಿಲ್ಲ. ಕೊನೆಗೆ ಆಲಪ್ಪುಳದ ಸ್ಟೇಶನ್ನಿನಲ್ಲಿ ಇಳಿದಾಗ ನಮ್ಮ ಕೈಯಲ್ಲಿ ಉಳಿದದ್ದು ಸಂಜೆಯ ಗಾಡಿಯವರೆಗಿನ ಹೊತ್ತು ಮಾತ್ರ.

ಮಳೆ ಸುರಿಯುತ್ತಿತ್ತು. ಸಾಮಾನು ಇಡುವ ಕೋಣೆ ಮುಚ್ಚಿತ್ತು. ಅಷ್ಟೂ ಜನರ ಬ್ಯಾಗು, ಗಂಟುಗಳನ್ನು ಹೊತ್ತು ಊರು ನೋಡುವುದು ಸಾಧ್ಯವಿರಲಿಲ್ಲ. ಯಾರಾದರೂ ಒಬ್ಬರು ಕಾಯಬೇಕು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸರ್ ಬ್ಯಾಗುಗಳ ನಡುವೆ ಒಂದು ಸೂಟ್‌ಕೇಸಿನ ಮೇಲೆ ಕುಳಿತೇಬಿಟ್ಟರು.

'ನೀವು ನೋಡ್ಕೊಂಡ ಬರ್ರಿ. ಸಾಮಾನ ನಾ ಕಾಯ್ತೀನಿ. ನನಗೇನ ವರದಿ ಬರಿಯೂದೈತಿ?'

ಆ ಊರನ್ನು ನೋಡಬೇಕೆಂದು ನಮಗಿಂತ ಹೆಚ್ಚು ಆಸೆಪಟ್ಟವರು ಅವರು. ತರಗತಿಯ ನಕಾಶೆಯಲ್ಲಿ ಆ ಊರಿನ ಸುತ್ತ ಪೆನ್ಸಿಲ್ಲಿನಿಂದ ಗುಂಡಗೆ ಬರೆದವರೂ ಅವರೇ. ನಾನು ನಿಲ್ಲುತ್ತೇನೆ ಎಂದು ಘೋಡಗೇರಿಯವನು ಹೇಳಿದ, ಸರ್ ಕೇಳಲಿಲ್ಲ. ನಾವು ಹೊರಡುವಾಗಲೂ ಮರಳಿದಾಗಲೂ ಅವರು ಅಲ್ಲಿಯೇ ಕುಳಿತಿದ್ದರು. ಇದು ನಾನು ಕಂಡದ್ದು.

ಆಟೋಗಳಲ್ಲಿ ಊರೊಳಗೆ ಹೋದೆವು. ಕಾಲುವೆಯ ದಂಡೆಯಲ್ಲಿ ರಸ್ತೆ, ರಸ್ತೆಯ ಬದಿಗೆ ಹಳೆಯ ಮಳಿಗೆಗಳು, ಕೆಲವು ಬೀಗ ಹಾಕಿದವು. ತೆಂಗಿನ ನಾರಿನ ವಾಸನೆ ಮಳೆಯಲ್ಲೂ ಹೋಗಿರಲಿಲ್ಲ. ನಾವು ಒಂದು ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದೆವು. ನೀರು ಹಸಿರು ಬಣ್ಣದ್ದು, ದಂಡೆಯವರೆಗೂ ತುಂಬಿತ್ತು, ಅಂತರಗಂಗೆ ಬೆಳೆದು ಅರ್ಧ ಮುಚ್ಚಿತ್ತು. ಮಳೆಯ ಹನಿ ಬಿದ್ದಲ್ಲಿ ಗುಳ್ಳೆ ಏಳುತ್ತಿದ್ದವು. ಆದರೆ ನೀರು ಯಾವ ಕಡೆಗೂ ಹೋಗುತ್ತಿರಲಿಲ್ಲ.

ನಮ್ಮ ಕಡೆ ಕಾಲುವೆಯೆಂದರೆ ಹರಿಯುವುದು. ಅದಕ್ಕೆ ಮೇಲು, ಕೆಳಗು ಉಂಟು. ಮೇಲೆ ಗೇಟು ಎತ್ತಿದರೆ ನೀರು, ಇಳಿಸಿದರೆ ಕೆಸರು. ಹೊಲದವರು ಪಾಳಿಯ ಪ್ರಕಾರ ನೀರು ಹಾಯಿಸಿಕೊಳ್ಳುತ್ತಾರೆ. ನಿಂತ ನೀರನ್ನು ಕಂಡರೆ ನಮ್ಮವರ ಬಾಯಲ್ಲಿ ಬರುವ ಮೊದಲ ಮಾತು, ಮೇಲೆ ಗೇಟು ಬಂದ್ ಆಗಿದೆ ಎಂದು.

'ಯಾರ ಪಾಳಿ ಐತೋ ಏನೋ, ಗೇಟ ಇಳಿಸಿ ಮಲಗ್ಯಾನ ನೋಡು' ಎಂದ ಘೋಡಗೇರಿಯವನು.

ನಾನು ಸೇತುವೆಯ ಬದಿಯ ಚಹಾ ಅಂಗಡಿಯವರನ್ನು ನನಗೆ ಬರುವ ಹಿಂದಿಯಲ್ಲಿ ಕೇಳಿದೆ, ನೀರು ಯಾವ ಕಡೆಗೆ ಹರಿಯುತ್ತದೆ ಎಂದು. ಅವರು ನಕ್ಕರು. ಆ ಕಡೆ ಕೆರೆ, ಈ ಕಡೆ ಸಮುದ್ರ. ಒಮ್ಮೆ ಅತ್ತ ಸರಿಯುತ್ತದೆ, ಒಮ್ಮೆ ಇತ್ತ, ಹೆಚ್ಚಾಗಿ ಸುಮ್ಮನಿರುತ್ತದೆ ಎಂದರು. ಹೊಲಕ್ಕೆ ಹೋಗುವುದಿಲ್ಲವೇ ಎಂದೆ. ಯಾವ ಹೊಲ ಎಂದು ಅವರೇ ನನ್ನನ್ನು ಕೇಳಿದರು. ಇದು ದೋಣಿಗಾಗಿ ತೋಡಿದ್ದು, ಹೊಲಕ್ಕಾಗಿ ಅಲ್ಲ ಎಂದರು. ನಾನು ನೀರು ನಿಂತದ್ದಕ್ಕೆ ಗೆರೆ, ಅವರ ಮಾತಿಗೆ ಸೊನ್ನೆ ಹಾಕಿಕೊಂಡೆ.

ಬೀಗ ಹಾಕಿದ ಮಳಿಗೆಯೊಂದರ ಜಗಲಿಯಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿಗಳು ಆ ಹವೆಗೆ ಮೆತ್ತಗಾಗಿ ಅರಿವೆಯಂತೆ ಮಡಚಿಕೊಳ್ಳುತ್ತಿದ್ದವು. ಸರ್‌ಗೆಂದು ಒಂದು ಪಾಲು ತೆಗೆದಿಟ್ಟೆವು. ಆಮೇಲೆ ದೋಣಿಗಳು ನಿಲ್ಲುವಲ್ಲಿಗೆ ಹೋದೆವು, ಸಮುದ್ರದ ದಂಡೆಯನ್ನೂ ನೋಡಿದೆವು. ಮಳೆಗೆ ಅಲ್ಲಿ ನಾವೇ ನಾವು. ದೋಣಿ ಹತ್ತಲು ಹೊತ್ತು ಸಾಲಲಿಲ್ಲ. ಸ್ಟೇಶನ್ನಿಗೆ ವಾಪಸಾದಾಗ ಸರ್ ಅದೇ ಸೂಟ್‌ಕೇಸಿನ ಮೇಲೆ ಇದ್ದರು. ರೊಟ್ಟಿ ತಿನ್ನುತ್ತ, ಹೇಗಿತ್ತು ಎಂದು ಕೇಳಿದರು. ಹೇಳುವಷ್ಟರಲ್ಲಿ ಗಾಡಿ ಬಂತು. ಹೇಳಬೇಡ, ವರದಿಯಲ್ಲಿ ಓದುತ್ತೇನೆ ಎಂದರು.

ಊರಿಗೆ ಬಂದ ವಾರದಲ್ಲಿ ವರದಿ ಬರೆದು ಕೊಟ್ಟೆ. ಒಂದು ಮಧ್ಯಾಹ್ನದ ವರದಿ. ರೈಲು ನಿಂತದ್ದು, ಮಳೆ, ಸೇತುವೆ, ಸರಿಯದ ನೀರು, ಬೀಗ ಹಾಕಿದ ಮಳಿಗೆಗಳು. ಚಹಾ ಅಂಗಡಿಯವರ ಮಾತನ್ನು ಮೊದಲು ಬರೆದಿದ್ದೆ. ನನ್ನ ಹಿಂದಿಯ ಮೇಲೆ ನನಗೇ ನಂಬಿಕೆ ಸಾಲದೆ, ಅವರು ಹೇಳಿದ್ದು ಅದೇ ಎಂದು ಖಾತ್ರಿಯಿಲ್ಲವೆಂದು, ನಾನೇ ತೆಗೆದುಹಾಕಿದೆ. ಹಾಗೆ ತೆಗೆಯಬೇಕೆಂದು ಕಲಿಸಿದವರು ಸರ್.

ಅವರು ಓದಿ ಚೆನ್ನಾಗಿದೆ ಎಂದರು. ಆಮೇಲೆ ನನ್ನನ್ನು ಕೋಣೆಯ ಹೊರಗೆ ಕರೆದರು. ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ವಿದ್ಯಾರ್ಥಿಗಳು ಕಡಿಮೆ ಇರುವ ವಿಭಾಗಗಳನ್ನು ಮುಚ್ಚುತ್ತಾರೆ ಎಂಬ ಮಾತೂ ಇತ್ತು. ನಮ್ಮದು ಮುಚ್ಚಿದರೆ ಸರ್‌ಗೆ ಮುಂದಿನ ಜೂನ್ ಇಲ್ಲ. ಮಂಜೂರಾದದ್ದು ಮೂರು ದಿನದ ಪ್ರವಾಸ, ವರದಿಯೂ ಮೂರು ದಿನದ್ದೇ ಇರಬೇಕು, ಇನ್ನೆರಡು ದಿನದ್ದನ್ನು ಸೇರಿಸಿಕೊಡು ಎಂದರು.

'ಇನ್ನೆರಡ ದಿನಾ ನಾವು ರೈಲಿನ್ಯಾಗ ಇದ್ವಲ್ರಿ ಸರ. ಅದನ್ನ ಬರೀಲೇನ್ರಿ?' ಎಂದೆ.

ಅವರು ನಕ್ಕರು. 'ಬ್ಯಾಡ ಬಿಡವಾ. ನಾನ ಕಲಿಸಿ ನಾನ ಕೆಡಸಬಾರ್ದು' ಎಂದರು.

ಆ ಸಂಜೆ ಮನೆಯಲ್ಲಿ ಈ ಮಾತನ್ನು ಹೇಳಿದೆ. ಇಂಥವರು ಎಲ್ಲಿ ಸಿಗುತ್ತಾರೆ ಎಂದೆ. ಅವ್ವ, ಅವರನ್ನು ಒಮ್ಮೆ ಊಟಕ್ಕೆ ಕರಿ ಎಂದಳು. ಕರೆದೆ. ಬಂದರು. ಅಪ್ಪನ ಹತ್ತಿರ ಕುಳಿತು, ನಿಮ್ಮ ಮಗಳನ್ನು ಬಿ.ಎಡ್.ಗೆ ಹಾಕಬೇಡಿರಿ ಎಂದೂ ಹೇಳಿದರು. ಅದನ್ನೂ ನಾನು ಕಂಡಿದ್ದೇನೆ, ಕೇಳಿದ್ದೇನೆ.

ಪರೀಕ್ಷೆ ಮುಗಿದ ಮೇಲೆ ವರದಿಯ ಪ್ರತಿಯೊಂದನ್ನು ತೆಗೆದುಕೊಂಡು ಗೋಕಾಕದ ಪತ್ರಿಕೆ ಕಚೇರಿಗೆ ಹೋದೆ. ಸಂಪಾದಕರು ಅದನ್ನು ಪೂರ್ತಿ ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಮೇಜಿನ ಮೇಲಿನ ರಾಶಿಯಿಂದ ಒಂದು ಪುಸ್ತಕ ಎಳೆದರು. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆ. ಅಚ್ಚಾಗಿ ಬಂದದ್ದು ನನಗೆ ಗೊತ್ತಿರಲಿಲ್ಲ. ಪತ್ರಿಕೆಗಳಿಗೆ ಮೊದಲು ಕಳಿಸಿದ್ದರು. ಅವರು ಪುಟ ತೆರೆದು ನನ್ನ ಕಡೆಗೆ ತಿರುಗಿಸಿಟ್ಟರು. 'ಆಲಪ್ಪುಳದಲ್ಲಿ ಮೂರು ದಿನ.' ಕೆಳಗೆ ನನ್ನ ಹೆಸರು.

ಓದಿದೆ. ಮೊದಲ ಪುಟದಲ್ಲಿ ಎಲ್ಲವೂ ನನ್ನ ವಾಕ್ಯಗಳೇ. ರೈಲು ನಿಂತದ್ದು ಮಾತ್ರ ಇರಲಿಲ್ಲ. ಸೇತುವೆ ಇತ್ತು, ಸರಿಯದ ನೀರು ಇತ್ತು. ಪುಟ ತಿರುಗಿಸಿದರೆ ಎರಡನೆಯ ದಿನ ಶುರುವಾಗಿತ್ತು. ನಿನ್ನೆ ನಿಂತಿದ್ದ ನೀರು ಇಂದು ಬೆಳಿಗ್ಗೆ ಹರಿಯತೊಡಗಿತು. ಊರ ಮೇಲ್ಭಾಗದ ಗೇಟನ್ನು ಎತ್ತುವುದನ್ನು ನಾನು ಕಣ್ಣಾರೆ ಕಂಡೆ. ರೈತರು ಪಾಳಿಯ ಪ್ರಕಾರ ತಮ್ಮ ಹೊಲಗಳಿಗೆ ನೀರು ತಿರುಗಿಸಿಕೊಂಡರು. ಮೂರನೆಯ ದಿನ ಒಬ್ಬ ರೈತ ನನಗೆ ಎಳನೀರು ಕೊಟ್ಟು ಪಾಳಿಯ ಜಗಳಗಳನ್ನು ಹೇಳಿದ್ದ.

ಬರೆದವರು ಯಾರೆಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಊರನ್ನು ನೋಡಿದ, ಚಹಾ ಅಂಗಡಿಯವರ ಮಾತು ಕೇಳಿದ ನಮ್ಮಲ್ಲಿ ಯಾರೂ ಅಲ್ಲಿ ಗೇಟು ಇದೆ ಎಂದು ಬರೆಯುತ್ತಿರಲಿಲ್ಲ. ಎರಡು ದಿನ ಹೆಚ್ಚಾಗಿ ಬೇಕಾದದ್ದೂ ನಮಗಲ್ಲ. ನನ್ನ ವರದಿಯಲ್ಲಿ ನೀರು ನಿಂತದ್ದನ್ನು ಓದಿ, ಘಟಪ್ರಭಾ ಕಾಲುವೆಯನ್ನು ಮಾತ್ರ ಬಲ್ಲ ಯಾರೋ, ಹಾಗಾದರೆ ಮರುದಿನ ಗೇಟು ಎತ್ತಿರಬೇಕು ಎಂದು ಲೆಕ್ಕ ಹಾಕಿದ್ದರು. ಸೂಟ್‌ಕೇಸಿನ ಮೇಲೆ ಕುಳಿತವರಿಗೆ ಬೇರೆ ದಾರಿ ಇರಲಿಲ್ಲ.

'ನಾ ಆ ಊರಿಗೆ ಎರಡ ಸಲ ಹೋಗೇನಿ. ಗೇಟ ಎಲ್ಲಿ ಕಂಡಿ?' ಎಂದರು ಸಂಪಾದಕರು.

ಇದು ನಾನು ಬರೆದದ್ದಲ್ಲ ಎಂದೆ. ಅವರು ಪೆನ್ನಿನ ತುದಿಯನ್ನು ಮೊದಲ ವಾಕ್ಯದ ಮೇಲೆ ಇಟ್ಟರು.

'ಇದು ನಿಂದ?'

'ನಂದರಿ.'

'ಇದು?'

'ಅದೂ ನಂದರಿ.'

ಪೆನ್ನು ಪುಟ ದಾಟಿತು.

'ಇದು?'

'ಅಲ್ಲರಿ.'

'ಒಂದ ಹೆಸರಿನ್ಯಾಗ ಅರ್ಧಾ ನಿಂದು, ಅರ್ಧಾ ಅಲ್ಲ. ನಾ ಯಾವ ಅರ್ಧಾ ನಂಬಲಿ?'

ಯಾರು ಬರೆದದ್ದು ಎಂದು ಕೇಳಿದರು. ಯಾರು ಬರೆಯುವುದನ್ನೂ ನಾನು ಕಂಡಿರಲಿಲ್ಲ, ಯಾರಿಂದಲೂ ಕೇಳಿರಲಿಲ್ಲ. ಗೊತ್ತಿಲ್ಲರಿ ಎಂದೆ. ಗೆರೆ ಇಲ್ಲದ, ಸೊನ್ನೆ ಇಲ್ಲದ ಮಾತನ್ನು ಆಡಬಾರದೆಂದು ನನಗೆ ಕಲಿಸಿದವರ ಬಗ್ಗೆಯೇ ಅಂಥ ಮಾತು ಆಡಲು ನಾಲಿಗೆ ಏಳಲಿಲ್ಲ. ಸರ್ ಅವರನ್ನೇ ಕೇಳಿರಿ, ನನ್ನ ವರದಿ ಒಂದೇ ದಿನದ್ದೆಂದು ಅವರೇ ಹೇಳುತ್ತಾರೆ ಎಂದೆ. ಹಾಗೆ ಹೇಳುವಾಗ ನನಗೆ ನಿಜವಾಗಿಯೂ ಭರವಸೆ ಇತ್ತು. ವಿಭಾಗ ಉಳಿಸಲು ಬರೆದಿರಬಹುದು, ಆದರೆ ನನ್ನ ಕೆಲಸ ಹೋಗುತ್ತದೆ ಎಂದಾಗ ಬಿಟ್ಟುಕೊಡುವವರಲ್ಲ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಊಟ ಮಾಡಿದವರು.

ಸಂಪಾದಕರು ಮೊಬೈಲನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಫೋನ್ ಮಾಡಿದರು. ಮೊದಲು ಯೋಗಕ್ಷೇಮದ ಮಾತಾಯಿತು. ಪರಿಶೀಲನಾ ತಂಡ ಬಂದುಹೋದದ್ದು, ವಿಭಾಗ ಉಳಿದದ್ದು, ಎಲ್ಲವನ್ನೂ ಸರ್ ಸಂತೋಷದಿಂದ ಹೇಳಿದರು. ಮಳೆ ಹೇಗಿದೆ ಎಂದು ಕೇಳಿದರು. ನಾನಿದ್ದೇನೆಂದು ಸಂಪಾದಕರು ಹೇಳಲಿಲ್ಲ. ಸಂಚಿಕೆ ಬಂದಿದೆ, ಆಲಪ್ಪುಳದ ಮೂರು ದಿನದ ವರದಿ ಓದಿದೆ, ಅದು ಪೂರ್ತಿ ಆ ಹುಡುಗಿಯೇ ಬರೆದದ್ದೋ, ಯಾರಾದರೂ ತಿದ್ದಿದ್ದೋ ಎಂದು ವಿಚಾರಿಸಿದರು.

'ಇಲ್ಲರಿ, ಆಕಿನ ಬರದಾಳ. ಒಂದ ಅಕ್ಷರಾ ನಾ ಮುಟ್ಟಿಲ್ಲ' ಎಂದರು ಸರ್.

ಅವರ ಧ್ವನಿಯಲ್ಲಿ ತಡವರಿಕೆ ಇರಲಿಲ್ಲ. ತರಗತಿಯಲ್ಲಿ ನನ್ನ ವರದಿಯನ್ನು ಉಳಿದವರಿಗೆ ಓದಿ ಹೇಳುವಾಗ ಇದ್ದ ಅದೇ ಧ್ವನಿ, ಸ್ವಲ್ಪ ಹೆಮ್ಮೆ ಬೆರೆತದ್ದು. ಸಂಪಾದಕರು ನನ್ನ ಮುಖ ನೋಡಿದರು.

ನಾನು ಫೋನಿನ ಕಡೆಗೆ ಬಾಗಿ, 'ಸರ, ನಾ ಇಲ್ಲೇ ಅದೇನ್ರಿ' ಎಂದೆ.

ಆ ಕಡೆ ಯಾವುದೋ ಬಸ್ಸಿನ ಹಾರ್ನು ಕೇಳಿಸಿತು. ಆಮೇಲೆ ಸರ್, 'ಹೌದಾ? ಆರಾಮ ಅದಿಯೇನವಾ?' ಎಂದರು.

ಆರಾಮ ಅದೇನ್ರಿ ಎಂದೆ. ಫೋನ್ ಕಟ್ಟಾಯಿತು, ಯಾವ ಕಡೆಯಿಂದ ಎಂದು ನೋಡಲಿಲ್ಲ.

ಸಂಪಾದಕರು ಸಂಚಿಕೆಯನ್ನು ಮುಚ್ಚಿ ರಾಶಿಯ ಮೇಲೆ ಹಾಕಿದರು. ಚಹಾ ತರಿಸಿದರು.

'ನಾ ನಿನ್ನ ನಂಬಿದೆ. ಆದ್ರ ಅಚ್ಚಾದದ್ದ ಅಚ್ಚಾತು. ಓದಿದವರ ಮನಿಮನಿಗೆ ಹೋಗಿ ಹೇಳಾಕ ಬರೂದಿಲ್ಲ. ಸೋಮವಾರ ಬಾ' ಎಂದರು.

ಅಂದರೆ ಕೆಲಸ ಸಿಕ್ಕಿತು. ಮೆಟ್ಟಿಲು ಇಳಿಯುವಾಗ ಸಂತೋಷವಾಗಬೇಕಾಗಿತ್ತು. ಕೊಣ್ಣೂರಿನ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತೆ. ದಾರಿಯಲ್ಲಿ ಕಾಲುವೆಗೆ ನೀರು ಬಿಟ್ಟಿದ್ದರು. ಯಾರೋ ದಂಡೆಯಲ್ಲಿ ಕುಳಿತು ಸಲಿಕೆ ತೊಳೆಯುತ್ತಿದ್ದರು. ಮನೆಯಲ್ಲಿ ಕೆಲಸ ಸಿಕ್ಕಿತು ಎಂದಷ್ಟೇ ಹೇಳಿದೆ. ಈ ಸುದ್ದಿಯನ್ನು ಮೊದಲು ಸರ್‌ಗೆ ತಿಳಿಸು ಎಂದಳು ಅವ್ವ. ಅವರಿಗೆ ಗೊತ್ತಾಗಿದೆ ಎಂದೆ.

ನನ್ನ ಮೊದಲ ವರದಿ ಪುಟಕ್ಕೆ ಹೋಗುವ ದಿನ, ಹೆಸರು ಹಾಕಲೇ ಎಂದು ಸಂಪಾದಕರು ಕೇಳಿದರು. ಬೇಡ, ನಮ್ಮ ಪ್ರತಿನಿಧಿಯಿಂದ ಎಂದೇ ಇರಲಿ ಎಂದೆ. ಅವರು ಕಾರಣ ಕೇಳಲಿಲ್ಲ. ಅನೇಕ ತಿಂಗಳು ಹಾಗೇ ನಡೆಯಿತು. ಉಳಿದವರು ಹೆಸರು ಬಂದ ಪುಟವನ್ನು ಕತ್ತರಿಸಿ ಮನೆಗೆ ಒಯ್ಯುತ್ತಿದ್ದರು. ನನ್ನ ಹೆಸರು ಅಚ್ಚಾದ ಒಂದೇ ಬರಹ ಆ ಸಂಚಿಕೆಯಲ್ಲಿತ್ತು.

ಸರ್ ಒಮ್ಮೆ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ಮಳೆ ಹನಿಯುತ್ತಿತ್ತು, ಇಬ್ಬರೂ ಒಂದೇ ಸೂರಿನ ಕೆಳಗೆ ನಿಲ್ಲಬೇಕಾಯಿತು. ಅವರು ತೆಳ್ಳಗಾಗಿದ್ದರು. ನನ್ನ ವರದಿಗಳನ್ನು ಓದುತ್ತೇನೆ, ಹೆಸರಿಲ್ಲದಿದ್ದರೂ ಯಾವುದು ನಿನ್ನದು ಎಂದು ಗೊತ್ತಾಗುತ್ತದೆ ಎಂದರು. ಆಮೇಲೆ ನಾನು ಕೇಳದಿದ್ದರೂ ಸಂಚಿಕೆಯ ಮಾತು ತೆಗೆದರು. ತಂಡದವರು ಅನುಮಾನ ಪಡುತ್ತಾರೆ ಎಂಬ ಹೆದರಿಕೆ ಇತ್ತಂತೆ. ನಿನ್ನ ಬರವಣಿಗೆಯನ್ನು ಓದಿದ ಯಾರೂ ಅದು ಸುಳ್ಳು ಎನ್ನುವುದಿಲ್ಲ, ಅದಕ್ಕೇ ನಿನ್ನ ಹೆಸರು ಹಾಕಿದೆ ಎಂದರು. ಅದನ್ನು ಒಂದು ಹೊಗಳಿಕೆಯಂತೆಯೇ ಹೇಳಿದರು.

ಆ ಮಾತನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಅವರ ಜೂನ್‌ಗಳ ಕತೆ ನನಗೆ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ಬೇರೆ.

'ತಂಡ ಬಂದ ಹೋಗಿತ್ತಲ್ರಿ ಸರ. ಫೋನಿನ್ಯಾಗ ಯಾಕ ಹಂಗ ಅಂದ್ರಿ?'

ಅವರು ಮಳೆಯ ಕಡೆಗೆ ನೋಡುತ್ತ ಯೋಚಿಸಿದರು. ಸುಳ್ಳು ಹೇಳುವ ಯೋಚನೆಯಲ್ಲ ಅದು. ಸರಿಯಾದ ಉತ್ತರವನ್ನೇ ಹುಡುಕುತ್ತಿದ್ದರು.

'ನೀ ಅಲ್ಲಿ ಇದ್ದಿ ಅಂತ ನನಗ ಗೊತ್ತಿರಲಿಲ್ಲವಾ' ಎಂದರು.

ಹುಕ್ಕೇರಿಯ ಬಸ್ಸು ಬಂತು. ಅವರು ಹತ್ತಿ ಕಿಟಕಿಯಿಂದ ಕೈ ಎತ್ತಿದರು. ನಾನೂ ಎತ್ತಿದೆ.

ಈಗ ನಾನು ಅದೇ ಕಚೇರಿಯಲ್ಲಿ ಬೇರೆಯವರ ಸುದ್ದಿಗಳನ್ನು ತಿದ್ದುತ್ತೇನೆ. ತಾಲ್ಲೂಕುಗಳಿಂದ ಬಂದ ಸುದ್ದಿಯನ್ನು ಅಚ್ಚು ತೆಗೆದು, ಪೆನ್ಸಿಲ್ ಹಿಡಿದು, ಪ್ರತಿ ವಾಕ್ಯದ ಪಕ್ಕದಲ್ಲಿ ಗೆರೆಯನ್ನೋ ಸೊನ್ನೆಯನ್ನೋ ಹಾಕುತ್ತೇನೆ. ಎರಡೂ ಇಲ್ಲದ್ದನ್ನು ಹೊಡೆದುಹಾಕುತ್ತೇನೆ. ಬೇರೆ ರೀತಿಯಲ್ಲಿ ತಿದ್ದಲು ಪ್ರಯತ್ನಿಸಿದ್ದೂ ಉಂಟು, ಅವರದಲ್ಲದ ಏನಾದರೊಂದು ರೀತಿಯಲ್ಲಿ. ಅರ್ಧ ಪುಟ ದಾಟುವಷ್ಟರಲ್ಲಿ ಕೈ ತಾನಾಗಿ ಗೆರೆ ಎಳೆದಿರುತ್ತದೆ.

ಹೊಸದಾಗಿ ಸೇರಿದವರೊಬ್ಬರು ಮೊನ್ನೆ, ಇದು ಚಲೋ ಪದ್ಧತಿ, ಯಾರು ಕಲಿಸಿದರು ಎಂದು ಕೇಳಿದರು. ಕಾಲೇಜಿನಲ್ಲಿ ಕಲಿತದ್ದು ಎಂದೆ. ಯಾರು ಎಂದು ಅವರು ಮತ್ತೆ ಕೇಳಿದರು. ನಾನು ಮುಂದಿನ ವಾಕ್ಯಕ್ಕೆ ಹೋದೆ.